ಕೂಡಿಸುವ ಮುನ್ನ ಏನನ್ನು ಎಣಿಸಬೇಕು? ನೆರೆಯ ಧರ್ಮಕೇಂದ್ರಗಳ ಮರುಸಂಘಟನೆಯನ್ನು ಕುರಿತ 2020ರ ನಿರ್ದೇಶನದ ವಿಮರ್ಶೆ

ಪೀಠಿಕೆ

ವ್ಯಾಟಿಕನ್ನಿನ ಗುರುವರ್ಗ ಇಲಾಖೆಯು 2020ರ ಜುಲೈ 20ರಂದು ಧರ್ಮಕೇಂದ್ರಗಳನ್ನು ಕುರಿತು ನಿರ್ದೇಶನವೊಂದನ್ನು ಪ್ರಕಟಿಸಿತು. ಶುಭಸಂದೇಶ ಪ್ರಸಾರದ ಸೇವೆಗಾಗಿ ಧರ್ಮಕೇಂದ್ರ ಸಮುದಾಯದ ಪಾಲನಾ ಪರಿವರ್ತನೆ ಎಂಬುದು ಅದರ ವಸ್ತು. ಹನ್ನೊಂದು ಅಧ್ಯಾಯಗಳು, 124 ಪರಿಚ್ಛೇದಗಳು ಅದರಲ್ಲಿವೆ. ನೆರೆಯ ಧರ್ಮಕೇಂದ್ರಗಳನ್ನು ಒಗ್ಗೂಡಿಸುವುದು ಹೇಗೆ, ಅವುಗಳ ನಡುವೆ ಸೇವೆಯನ್ನು ಹಂಚಿಕೊಳ್ಳುವುದು ಹೇಗೆ, ಇದರಲ್ಲಿ ಧರ್ಮಾಧ್ಯಕ್ಷರ ಅಧಿಕಾರಕ್ಕೆ ಯಾವ ಮಿತಿಗಳಿವೆ ಎಂಬ ಪ್ರಶ್ನೆಗಳಿಗೆ ರೋಮ್ ಇತ್ತೀಚಿನ ದಿನಗಳಲ್ಲಿ ನೀಡಿರುವ ಅತ್ಯಂತ ವಿಸ್ತಾರವಾದ ಉತ್ತರ ಇದೇ.

ಈ ದಾಖಲೆಯನ್ನು ಧರ್ಮಸಭಾ ಕಾನೂನಿನ ತರಗತಿಗೆ ಬಿಟ್ಟುಕೊಟ್ಟು ದೈವಶಾಸ್ತ್ರವು ಸುಮ್ಮನಿರಲಾಗದು. ಧರ್ಮಕೇಂದ್ರಗಳ ಗಡಿ ಬದಲಾದಾಗ ನಕ್ಷೆಯ ಗೆರೆಯೊಂದೇ ಬದಲಾಗುವುದಿಲ್ಲ. ಒಂದು ಊರಿನ ಜನ ಎಲ್ಲಿ ದೀಕ್ಷಾಸ್ನಾನ ಪಡೆಯುತ್ತಾರೆ, ಎಲ್ಲಿ ಪರಮಪ್ರಸಾದಕ್ಕೆ ಕೂಡುತ್ತಾರೆ, ಸತ್ತವರನ್ನು ಯಾರು ಕಳುಹಿಸಿಕೊಡುತ್ತಾರೆ ಎಂಬುದೆಲ್ಲ ಬದಲಾಗುತ್ತದೆ. ಪ್ರಸ್ತುತ ಲೇಖನದ ವಾದ ಇಷ್ಟು: ನಿರ್ದೇಶನವು ಧರ್ಮಕೇಂದ್ರವನ್ನು ಆಡಳಿತದ ಲೆಕ್ಕಾಚಾರದಿಂದ ಕಾಪಾಡುವಲ್ಲಿ ಸರಿಯಾದ ಹೆಜ್ಜೆಯನ್ನೇ ಇಟ್ಟಿದೆ, ಆದರೆ ತಾನು ಯಾವ ಎಣಿಕೆಯನ್ನು ನಿರಾಕರಿಸುತ್ತದೆಯೋ ಆ ಎಣಿಕೆಗೇ ಕೊನೆಯಲ್ಲಿ ಮರಳುತ್ತದೆ. ಸಮುದಾಯದಿಂದ ಮಾತನ್ನು ಆರಂಭಿಸಿ, ಗುರುಗಳ ಲಭ್ಯತೆಯಲ್ಲಿ ಮುಗಿಸುತ್ತದೆ.

1. ಹಿನ್ನೆಲೆ: ಟ್ರಿಯರ್ ಪ್ರಕರಣ

ನಿರ್ದೇಶನವು ಯಾವುದೇ ಧರ್ಮಪ್ರಾಂತ್ಯವನ್ನು ಹೆಸರಿಸುವುದಿಲ್ಲ. ಆದರೂ ಜರ್ಮನಿಯ ಟ್ರಿಯರ್ ಧರ್ಮಪ್ರಾಂತ್ಯದ ಅನುಭವವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಅದರ ಹಲವು ಮಾತುಗಳು ಸ್ಪಷ್ಟವಾಗುತ್ತವೆ. ಟ್ರಿಯರ್‌ನಲ್ಲಿ ಧರ್ಮಾಧ್ಯಕ್ಷ ಸ್ಟೆಫಾನ್ ಆಕರ್ಮಾನ್ ಅವರ ನೇತೃತ್ವದಲ್ಲಿ 2013ರಿಂದ 2016ರವರೆಗೆ ಪ್ರಾಂತೀಯ ಸಿನೊಡ್ ನಡೆಯಿತು. ಅದರ ಫಲವಾಗಿ, ಅಲ್ಲಿದ್ದ 887 ಧರ್ಮಕೇಂದ್ರಗಳ ಜಾಗದಲ್ಲಿ 35 ಬೃಹತ್ ಧರ್ಮಕೇಂದ್ರಗಳನ್ನು ರಚಿಸುವ ಯೋಜನೆ ಸಿದ್ಧವಾಯಿತು. ಪ್ರತಿಯೊಂದನ್ನೂ ಒಬ್ಬ ಗುರು ಹಾಗೂ ಇತರ ಪೂರ್ಣಾವಧಿ ಸೇವಾಕರ್ತರಿರುವ ತಂಡವು ಮುನ್ನಡೆಸಬೇಕಿತ್ತು. 2020ರ ಆರಂಭದಲ್ಲಿ ಯೋಜನೆ ಜಾರಿಗೆ ಬರಬೇಕಿತ್ತು. ಕೆಲವು ಗುರುಗಳು ಮತ್ತು ಶ್ರೀಸಾಮಾನ್ಯರು ರೋಮ್‌ಗೆ ಮೇಲ್ಮನವಿ ಸಲ್ಲಿಸಿದರು. 2019ರ ನವೆಂಬರ್‌ನಲ್ಲಿ ಗುರುವರ್ಗ ಇಲಾಖೆಯು ಅದರ ಜಾರಿಯನ್ನು ತಡೆಹಿಡಿಯಿತು. ನಾಯಕತ್ವ ತಂಡದೊಳಗೆ ವಿಚಾರಣಾ ಗುರುವಿನ ಸ್ಥಾನವೇನು, ಹೊಸ ಧರ್ಮಕೇಂದ್ರಗಳ ಗಾತ್ರ ಎಷ್ಟಿರಬಹುದು ಎಂಬುವು ರೋಮ್ ಎತ್ತಿದ ಮುಖ್ಯ ಆಕ್ಷೇಪಗಳಾಗಿದ್ದವು. ಮುಂದೆ ಆ 35 ಘಟಕಗಳು ಧರ್ಮಕೇಂದ್ರಗಳಾಗದೆ, ಪಾಲನಾ ವಲಯಗಳಾಗಿ ರೂಪುಗೊಂಡವು.

ಸರಾಸರಿ ಇಪ್ಪತ್ತೈದು ಧರ್ಮಕೇಂದ್ರಗಳು ಸೇರಿ ಒಂದಾಗುವುದೆಂದರೆ ಅದು ನೆರೆಹೊರೆಯವರ ಕೂಟವಾಗಿ ಉಳಿಯುವುದಿಲ್ಲ. ಮಧ್ಯಮ ಗಾತ್ರದ ಒಂದು ಜಿಲ್ಲೆಯ ಆಡಳಿತ ಘಟಕವಾಗುತ್ತದೆ. ಇದನ್ನು ತಡೆದ ರೋಮ್, ಅದರ ಬದಲಿಗೆ ಏನನ್ನು ಮುಂದಿಡುತ್ತದೆ ಎಂಬ ಕುತೂಹಲ ಸಹಜವಾಗಿಯೇ ಹುಟ್ಟುತ್ತದೆ.

2. ದಾಖಲೆಯ ಸತ್ವ

ಮೊದಲು ಅದರ ಬಲವನ್ನು ಗುರುತಿಸೋಣ. ಧರ್ಮಕೇಂದ್ರವು ಭೌಗೋಳಿಕ ಗಡಿಯೊಂದರಿಂದಷ್ಟೇ ನಿರ್ಧಾರವಾಗುವುದಿಲ್ಲ, ಜನರ ಬದುಕು ಮತ್ತು ಸಂಬಂಧಗಳು ನಡೆಯುವ ಅಸ್ತಿತ್ವದ ನೆಲೆಯೇ ಅದರ ಕ್ಷೇತ್ರ ಎಂದು ದಾಖಲೆಯ 16ನೇ ಪರಿಚ್ಛೇದ ಸೂಚಿಸುತ್ತದೆ. ಕ್ಯಾನನ್ 515 ಧರ್ಮಕೇಂದ್ರವನ್ನು ಭಕ್ತವಿಶ್ವಾಸಿಗಳ ಸ್ಥಿರ ಸಮುದಾಯವೆಂದು ವ್ಯಾಖ್ಯಾನಿಸಿರುವುದಕ್ಕೆ ಇದು ಪಾಲನಾ ದೃಷ್ಟಿಯ ವಿಸ್ತರಣೆ. ನೆಲ ಮೊದಲಲ್ಲ, ಜನ ಮೊದಲು.

ಎರಡನೆಯದಾಗಿ, ಮತ್ತು ನಮ್ಮ ವಿಷಯಕ್ಕೆ ಅತಿ ಮುಖ್ಯವಾಗಿ, 48ನೇ ಪರಿಚ್ಛೇದವು ಒಂದು ಸ್ಪಷ್ಟ ಗೆರೆ ಎಳೆಯುತ್ತದೆ. ಗುರುಗಳ ಕೊರತೆಯಾಗಲಿ, ಧರ್ಮಪ್ರಾಂತ್ಯದ ಸಾಮಾನ್ಯ ಹಣಕಾಸಿನ ಸ್ಥಿತಿಯಾಗಲಿ ಒಂದು ಧರ್ಮಕೇಂದ್ರವನ್ನು ರದ್ದುಗೊಳಿಸಲು ತಕ್ಕ ಕಾರಣವಲ್ಲ. ಕಾರಣವು ಆಯಾ ಧರ್ಮಕೇಂದ್ರಕ್ಕೇ ಸಂಬಂಧಿಸಿರಬೇಕು. ಪಟ್ಟಿಯೊಂದನ್ನು ಮುಂದಿಟ್ಟು ಒಂದೇ ಸಹಿಯಿಂದ ಹತ್ತಾರು ಸಮುದಾಯಗಳನ್ನು ಅಳಿಸುವ ದಾರಿ ಇದರಿಂದ ಮುಚ್ಚಿಹೋಗುತ್ತದೆ. ಗುರುಗಳ ಸಲಹಾ ಮಂಡಳಿಯ ಅಭಿಪ್ರಾಯವನ್ನು ಕೇಳದೆ ಧರ್ಮಾಧ್ಯಕ್ಷರು ಧರ್ಮಕೇಂದ್ರವನ್ನು ಸ್ಥಾಪಿಸುವಂತಿಲ್ಲ, ರದ್ದುಗೊಳಿಸುವಂತಿಲ್ಲ, ಗಮನಾರ್ಹವಾಗಿ ಬದಲಿಸುವಂತೆಯೂ ಇಲ್ಲ ಎಂದು ಸಂಹಿತೆ ಮೊದಲೇ ವಿಧಿಸಿತ್ತು. ಇಂಥ ನಿಯಮಗಳನ್ನು ಬರಿಯ ಔಪಚಾರಿಕತೆ ಎಂದು ಭಾವಿಸಬಾರದು. ಅಮೆರಿಕದ ಕ್ಲೀವ್‌ಲ್ಯಾಂಡ್ ಧರ್ಮಪ್ರಾಂತ್ಯದಲ್ಲಿ ಮುಚ್ಚಲ್ಪಟ್ಟ 13 ಧರ್ಮಕೇಂದ್ರಗಳ ಪರವಾಗಿ 2012ರಲ್ಲಿ ಇದೇ ಇಲಾಖೆ ತೀರ್ಪು ನೀಡಿದಾಗ, ಸರಿಯಾದ ಕ್ರಮವನ್ನು ಅನುಸರಿಸಲಿಲ್ಲ ಎಂಬುದೇ ಸಣ್ಣ ಸಮುದಾಯಗಳಿಗೆ ಆಸರೆಯಾಯಿತು. ಪ್ರಬಲರಿಗೆ ಕಾನೂನು ತೊಡಕಾಗಿ ಕಾಣುವಲ್ಲಿಯೇ ದುರ್ಬಲರಿಗೆ ಅದು ಗುರಾಣಿಯಾಗುತ್ತದೆ.

ಮೂರನೆಯದಾಗಿ, ಅವಸರದ ಸುಧಾರಣೆಗಳಿಂದ ಜನರ ವಿಶ್ವಾಸಕ್ಕೆ ಗಾಯವಾಗದಂತೆ ನೋಡಿಕೊಳ್ಳಬೇಕು, ಮೇಜಿನ ಮೇಲೆ ಸಿದ್ಧವಾದ ಯೋಜನೆಯನ್ನು ಮೇಲಿನಿಂದ ಹೇರಬಾರದು ಎಂಬ ಎಚ್ಚರ ದಾಖಲೆಯುದ್ದಕ್ಕೂ ಇದೆ. ಕಿರಿದಾದ, ಬಡವಾದ, ಚದುರಿದ ಸಮುದಾಯಗಳಲ್ಲಿಯೂ ಕ್ರಿಸ್ತರು ಉಪಸ್ಥಿತರಿದ್ದಾರೆಂಬ ಎರಡನೇ ವ್ಯಾಟಿಕನ್ ಮಹಾಸಭೆಯ ಬೋಧನೆಗೆ (ಲೂಮೆನ್ ಜೆಂಸಿಯುಂ, 26) ಇದು ನಿಷ್ಠವಾದ ನಿಲುವು.

3. ಎಣಿಕೆ ಮರಳುವ ಬಗೆ

ತೊಡಕು ಕಾಣಿಸಿಕೊಳ್ಳುವುದು ಉತ್ತರಾರ್ಧದಲ್ಲಿ. ಮೊದಲ ಆರು ಅಧ್ಯಾಯಗಳಲ್ಲಿ ಶುಭಸಂದೇಶ ಪ್ರಸಾರದ ಕರ್ತೃ ಇಡೀ ಸಮುದಾಯ. ಏಳನೇ ಅಧ್ಯಾಯದಿಂದ ಮುಂದಕ್ಕೆ, ಯಾರಿಗೆ ಯಾವ ಹುದ್ದೆ, ಯಾರಿಗೆ ಯಾವ ಹೆಸರು ಎಂಬುದೇ ಮುಖ್ಯ ಚಿಂತೆ. ಶ್ರೀಸಾಮಾನ್ಯರು ಯಾವ ಬಿರುದುಗಳನ್ನು ಬಳಸಬಾರದೆಂದು ಎಚ್ಚರದಿಂದ ಪಟ್ಟಿಮಾಡುವ ದಾಖಲೆ, ನೆರೆಯ ಎರಡು ಸಮುದಾಯಗಳು ಪರಸ್ಪರ ಏನನ್ನು ಕೊಟ್ಟು ಏನನ್ನು ಪಡೆಯಬಲ್ಲವು ಎಂಬುದರ ಬಗ್ಗೆ ಅಷ್ಟೇ ಎಚ್ಚರದಿಂದ ಮಾತನಾಡುವುದಿಲ್ಲ.

ಸಂಹಿತೆ ನೀಡುವ ಮಾದರಿಗಳನ್ನೇ ನೋಡೋಣ. ಕ್ಯಾನನ್ 526ರಂತೆ ಒಬ್ಬ ಗುರುವಿಗೆ ಒಂದೇ ಧರ್ಮಕೇಂದ್ರ ಎಂಬುದು ನಿಯಮ; ಗುರುಗಳ ಕೊರತೆಯಿದ್ದಾಗ ಹಲವು ನೆರೆಯ ಧರ್ಮಕೇಂದ್ರಗಳನ್ನು ಒಬ್ಬರಿಗೇ ವಹಿಸಬಹುದು. ಕ್ಯಾನನ್ 517ರ ಮೊದಲ ಭಾಗದಂತೆ ಹಲವು ಗುರುಗಳಿಗೆ ಒಟ್ಟಾಗಿ ಒಂದು ಅಥವಾ ಹೆಚ್ಚಿನ ಧರ್ಮಕೇಂದ್ರಗಳನ್ನು ವಹಿಸಬಹುದು, ಅವರಲ್ಲೊಬ್ಬರು ಸಂಚಾಲಕರು. ಅದರ ಎರಡನೇ ಭಾಗದಂತೆ, ಗುರುಗಳ ಕೊರತೆಯ ಸಂದರ್ಭದಲ್ಲಿ ಡೀಕನ್ನರು ಅಥವಾ ಶ್ರೀಸಾಮಾನ್ಯರು ಪಾಲನಾ ಸೇವೆಯಲ್ಲಿ ಪಾಲುಗೊಳ್ಳಬಹುದು; ಆದರೆ ವಿಚಾರಣಾ ಗುರುವಿನ ಅಧಿಕಾರವುಳ್ಳ ಗುರುವೊಬ್ಬರು ಅದನ್ನು ನಿರ್ದೇಶಿಸಬೇಕು. ನಿರ್ದೇಶನವು ಈ ಕೊನೆಯ ಮಾದರಿ ಅಸಾಮಾನ್ಯವಾದದ್ದೆಂದು ಒತ್ತಿಹೇಳುತ್ತದೆ. ಈ ಮೂರೂ ಮಾದರಿಗಳು ಭಿನ್ನವಾಗಿ ಕಂಡರೂ ಅವುಗಳ ಅಳತೆಗೋಲು ಒಂದೇ: ಎಷ್ಟು ಗುರುಗಳಿದ್ದಾರೆ, ಅವರನ್ನು ಹೇಗೆ ಹಂಚಬೇಕು?

ಇದರ ಪರಿಣಾಮವೇನು? ಗುರುಗಳ ಕೊರತೆಗಾಗಿ ಧರ್ಮಕೇಂದ್ರವನ್ನು ರದ್ದುಗೊಳಿಸಲಾಗದು. ಆದರೆ ಅದೇ ಕೊರತೆಗಾಗಿ ಹತ್ತು ಧರ್ಮಕೇಂದ್ರಗಳನ್ನು ಒಬ್ಬ ಗುರುವಿನ ಹೆಗಲಿಗೇರಿಸಬಹುದು. ಕಾನೂನಿನ ಕಣ್ಣಿಗೆ ಹತ್ತೂ ಜೀವಂತ. ಪ್ರತಿಯೊಂದಕ್ಕೂ ತನ್ನದೇ ಆಸ್ತಿ, ತನ್ನದೇ ಹಣಕಾಸು ಸಮಿತಿ. ವಾಸ್ತವದಲ್ಲಿ ಆ ಹತ್ತಕ್ಕೂ ಸಮಾನವಾಗಿರುವುದು ದಣಿದ ಒಬ್ಬ ಗುರು ಮಾತ್ರ. ಅವು ಗುರುವಿಗೆ ನೆರೆಯವಾಗುತ್ತವೆಯೇ ಹೊರತು ಒಂದಕ್ಕೊಂದು ನೆರೆಯವಾಗುವುದಿಲ್ಲ. ಪರಮಪ್ರಸಾದದಲ್ಲಿ ಬೇರೂರದ ಹೊರತು ಯಾವ ಕ್ರೈಸ್ತ ಸಮುದಾಯವೂ ಕಟ್ಟಲ್ಪಡದು ಎಂದು ಮಹಾಸಭೆ ಗುರುಗಳ ಸೇವೆಯನ್ನು ಕುರಿತ ತನ್ನ ಆದೇಶದಲ್ಲಿ (6) ಬೋಧಿಸಿದೆ. ಹೆಸರು ಉಳಿದು ಭಾನುವಾರದ ಕೂಟ ಕರಗಿಹೋದರೆ, ನಾವು ಕಾಪಾಡಿದ್ದು ಏನನ್ನು?

ಜರ್ಮನಿಯ ಧರ್ಮಾಧ್ಯಕ್ಷರಲ್ಲಿ ಹಲವರು ಈ ದಾಖಲೆಯನ್ನು ಗುರುಕೇಂದ್ರಿತವೆಂದು ಟೀಕಿಸಿದರು. ಆ ಟೀಕೆ ಅರ್ಧ ದಾರಿಗೇ ನಿಲ್ಲುತ್ತದೆ. ಟ್ರಿಯರ್ ಯೋಜನೆಯೂ ಇದೇ ಅಳತೆಗೋಲನ್ನು ಕೈಬಿಟ್ಟಿರಲಿಲ್ಲ. ಒಬ್ಬ ಗುರುವಿದ್ದ ಜಾಗದಲ್ಲಿ ಸಂಬಳ ಪಡೆಯುವ ತಂಡವನ್ನು ಕೂರಿಸಿತ್ತು, ಅಷ್ಟೆ. ಇಪ್ಪತ್ತೈದು ಊರುಗಳನ್ನು ಒಂದು ಕಚೇರಿಯಿಂದ ನಡೆಸುವವರು ಒಬ್ಬರಾದರೇನು, ಮೂವರಾದರೇನು, ಊರಿನ ಜನಕ್ಕೆ ಆ ಕಚೇರಿಯ ದೂರ ಒಂದೇ. ಇಲ್ಲಿ ರೋಮ್‌ನ ಆಕ್ಷೇಪಕ್ಕೆ ದೈವಶಾಸ್ತ್ರದ ತೂಕವಿದೆ. ವಿಚಾರಣಾ ಗುರುವನ್ನು ತಂಡವೊಂದರ ಸದಸ್ಯನ ಮಟ್ಟಕ್ಕೆ ಇಳಿಸಿದರೆ, ಪರಮಪ್ರಸಾದದ ಅಧ್ಯಕ್ಷತೆಗೂ ಕುರಿಮಂದೆಯ ಪಾಲನೆಗೂ ಇರುವ ನಂಟು ಸಡಿಲವಾಗುತ್ತದೆ. ಗುರು ಸಂಸ್ಕಾರಗಳಿಗಾಗಿ ಕರೆತರುವ ಅತಿಥಿಯಾಗುತ್ತಾನೆ. ಆದರೆ ಹತ್ತು ಊರುಗಳ ನಡುವೆ ಭಾನುವಾರವಿಡೀ ಓಡಾಡುವ ಗುರುವೂ ಅಂಥ ಅತಿಥಿಯೇ ಅಲ್ಲವೇ? ಒಂದು ತಪ್ಪನ್ನು ಸರಿಯಾಗಿ ಗುರುತಿಸಿದ ದಾಖಲೆ, ಅದರ ಜೋಡಿ ತಪ್ಪನ್ನು ಗುರುತಿಸದೆ ಹೋಗಿದೆ.

4. ಪೌಲನ ಕಾಣಿಕೆ ಮತ್ತು ಪ್ವಾತಿಯೇಯ ಪ್ರಶ್ನೆ

ಸಮುದಾಯಗಳ ನಡುವಣ ಹಂಚಿಕೆಗೆ ಹೊಸ ಒಡಂಬಡಿಕೆಯಲ್ಲಿ ಗಟ್ಟಿಯಾದ ಆಧಾರವಿದೆ. ಜೆರುಸಲೇಮಿನ ಬಡವರಿಗಾಗಿ ಸಂತ ಪೌಲನು ಮಕೆದೋನಿಯ ಮತ್ತು ಅಖಾಯದ ಸಭೆಗಳಿಂದ ಸಂಗ್ರಹಿಸಿದ ಕಾಣಿಕೆಯನ್ನು ದಾನವೆಂದಷ್ಟೇ ಓದಲಾಗದು. 2 ಕೊರಿಂಥ 8 ಮತ್ತು 9ರಲ್ಲಿ ಅವನು ಅದಕ್ಕೆ ಕೃಪೆ, ಅನ್ಯೋನ್ಯತೆ, ಸೇವೆ ಎಂಬ ಹೆಸರುಗಳನ್ನು ಕೊಡುತ್ತಾನೆ. ಒಂದು ಸಭೆಯ ಸಮೃದ್ಧಿ ಇನ್ನೊಂದರ ಕೊರತೆಯನ್ನು ನೀಗಿಸಬೇಕು, ನಾಳೆ ಅದು ತಿರುವುಮುರುವಾಗಬಹುದು, ಹೀಗೆ ಸಮಾನತೆ ಮೂಡಬೇಕು ಎಂಬುದು ಅವನ ತರ್ಕ. ಇಲ್ಲಿ ಯಾವ ಸಭೆಯೂ ಇನ್ನೊಂದರಲ್ಲಿ ಲೀನವಾಗುವುದಿಲ್ಲ. ಯಾವ ಸಭೆಯೂ ಒಂಟಿಯಾಗಿ ಉಳಿಯುವುದೂ ಇಲ್ಲ. ನೆರೆಯ ಧರ್ಮಕೇಂದ್ರಗಳ ಮರುಸಂಘಟನೆಗೆ ಇದಕ್ಕಿಂತ ತಕ್ಕ ತತ್ವ ಬೇರೆ ಬೇಕೆನಿಸುವುದಿಲ್ಲ.

ಫ್ರಾನ್ಸಿನ ಪ್ವಾತಿಯೇ ಧರ್ಮಪ್ರಾಂತ್ಯದಲ್ಲಿ ಆಲ್ಬೆರ್ ರುಯೆ ಅವರು 1990ರ ದಶಕದ ನಡುವಿನಿಂದ ತಾವು 2011ರಲ್ಲಿ ನಿವೃತ್ತರಾಗುವವರೆಗೆ ಬೆಳೆಸಿದ ಸ್ಥಳೀಯ ಸಮುದಾಯಗಳ ಪ್ರಯೋಗ ಈ ತತ್ವಕ್ಕೆ ಹತ್ತಿರವಾದುದು. ಗುರುಗಳೆಷ್ಟು ಎಂದು ಅಲ್ಲಿ ಮೊದಲು ಕೇಳಲಿಲ್ಲ. ವಿಶ್ವಾಸದ ಬೋಧನೆ, ಪ್ರಾರ್ಥನೆ, ಬಡವರ ಸೇವೆ, ಲೌಕಿಕ ನಿರ್ವಹಣೆ, ಒಟ್ಟಾರೆ ಸಮನ್ವಯ ಎಂಬ ಐದು ಹೊಣೆಗಳನ್ನು ಹೊರುವ ಐವರು ಎಲ್ಲಿದ್ದಾರೆಂದು ಕೇಳಲಾಯಿತು. ಅವಧಿ ಮೂರು ವರ್ಷ; ಒಮ್ಮೆ ಮಾತ್ರ ಮುಂದುವರಿಕೆ. ಹಾಗಾಗಿ ಹೊಣೆ ಯಾರ ಸ್ವತ್ತೂ ಆಗಲಿಲ್ಲ. ಗುರುಗಳು ಇಂಥ ಸಮುದಾಯಗಳ ನಡುವೆ ಸಂಚರಿಸುತ್ತ ಅವುಗಳನ್ನು ಬೆಸೆಯುವವರಾದರು.

ಇದನ್ನು ಸಿದ್ಧೌಷಧವೆಂದು ಹೊಗಳಲಾಗದು. ಭಾನುವಾರದ ಬಲಿಪೂಜೆ ಇಲ್ಲದ ಊರುಗಳ ಸಮಸ್ಯೆ ಅಲ್ಲಿಯೂ ಉಳಿಯಿತು. ಒಬ್ಬ ಧರ್ಮಾಧ್ಯಕ್ಷರ ದರ್ಶನವನ್ನು ಅಷ್ಟರಮಟ್ಟಿಗೆ ಅವಲಂಬಿಸಿದ ವ್ಯವಸ್ಥೆ, ಉತ್ತರಾಧಿಕಾರಿಯ ಕಾಲದಲ್ಲಿ ಬೇರೆ ರೂಪ ತಾಳುವುದೂ ಅನಿವಾರ್ಯ. ಆದರೂ ಪ್ರಶ್ನೆಗಳ ಅನುಕ್ರಮವನ್ನು ಅದು ಬದಲಿಸಿತು. ನಿರ್ದೇಶನದಲ್ಲಿ ಕಾಣದಿರುವುದು ಆ ಅನುಕ್ರಮವೇ.

5. ನಮಗೆ ಇದರಿಂದೇನು?

ನಮ್ಮಲ್ಲಿ ಸದ್ಯಕ್ಕೆ ಕಾಣುವುದು ಬೇರೆ ಚಿತ್ರ. ಬೆಂಗಳೂರಿನಂಥ ನಗರದಲ್ಲಿ ಬಡಾವಣೆಗಳು ಬೆಳೆದಂತೆ ಧರ್ಮಕೇಂದ್ರಗಳು ವಿಭಜನೆಗೊಂಡು ಹೊಸವು ಹುಟ್ಟುತ್ತವೆ. ಹಾಗೆಂದು ಈ ಚರ್ಚೆ ದೂರದ್ದಲ್ಲ. ಜರ್ಮನಿಯ ಧರ್ಮಪ್ರಾಂತ್ಯಗಳಲ್ಲಿ ಗಣನೀಯ ಸಂಖ್ಯೆಯಲ್ಲಿ ಭಾರತೀಯ ಗುರುಗಳು ಸೇವೆಯಲ್ಲಿದ್ದಾರೆ. ಅಲ್ಲಿನ ಕೊರತೆಯ ಲೆಕ್ಕದಲ್ಲಿ ತುಂಬಿಸಬೇಕಾದ ಖಾಲಿ ಜಾಗವಾಗಿ ನಮ್ಮ ಗುರುಮಠಗಳ ಮಕ್ಕಳೇ ನಿಲ್ಲುತ್ತಾರೆ. ಹಾಗೆ ಹೋಗುವವರು ತಾವು ಯಾವ ಪ್ರಶ್ನೆಗೆ ಉತ್ತರವಾಗುತ್ತಿದ್ದೇವೆಂಬುದನ್ನು ತಿಳಿದು ಹೋಗಬೇಕು.

ಮನೆಯೊಳಗೂ ಕೆಲಸವಿದೆ. ಮಂಗಳೂರು ಧರ್ಮಪ್ರಾಂತ್ಯದ ವಾರ್ಡುಗಳು ಮತ್ತು ಗುರ್ಕಾರರ ಪದ್ಧತಿ, ಕಿರು ಕ್ರೈಸ್ತ ಸಮುದಾಯಗಳು, ಬಯಲುಸೀಮೆಯ ಉಪಕೇಂದ್ರಗಳಲ್ಲಿ ಜಪಮಾಲೆ ನಡೆಸಿ ಮಕ್ಕಳಿಗೆ ಧರ್ಮೋಪದೇಶ ಹೇಳುವ ಉಪದೇಶಿಗಳು: ಇವೆಲ್ಲ ಗುರುವಿನ ಅನುಪಸ್ಥಿತಿಯಲ್ಲಿಯೂ ಸಮುದಾಯ ಸಮುದಾಯವಾಗಿಯೇ ಇರುತ್ತದೆಂಬುದಕ್ಕೆ ಸಾಕ್ಷಿ. ಕೊರತೆ ಬರುವ ಮುನ್ನವೇ ಇವನ್ನು ನೆರೆಯ ಧರ್ಮಕೇಂದ್ರಗಳ ನಡುವೆ ಹಂಚಿಕೊಳ್ಳುವುದನ್ನು ಕಲಿಯಬೇಕು. ವಲಯದ ಮುಖ್ಯ ಗುರುವಿನ ಮೊದಲ ಕರ್ತವ್ಯವೇ ಸಾಮೂಹಿಕ ಪಾಲನಾ ಕಾರ್ಯವನ್ನು ಉತ್ತೇಜಿಸಿ ಸಮನ್ವಯಗೊಳಿಸುವುದೆಂದು ಕ್ಯಾನನ್ 555 ಹೇಳುತ್ತದೆ. ವಲಯದ ಸಭೆಗಳು ವಾರ್ಷಿಕ ಕಾರ್ಯಕ್ರಮಗಳ ದಿನಾಂಕ ಗೊತ್ತುಪಡಿಸುವುದಕ್ಕೆ ಸೀಮಿತವಾಗದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು: ನಮ್ಮಲ್ಲಿ ಯಾವ ಸಮುದಾಯಕ್ಕೆ ಯಾವ ವರ ಧಾರಾಳವಾಗಿದೆ? ಯಾವ ಸಮುದಾಯ ಯಾವುದಕ್ಕಾಗಿ ಕಾಯುತ್ತಿದೆ? ಅದನ್ನು ಕೊಟ್ಟು ತೆಗೆದುಕೊಳ್ಳಲು ಗುರುವಿನ ವರ್ಗಾವಣೆಯೊಂದೇ ದಾರಿಯೇ?

ಗುರುಮಠಕ್ಕೂ ಇಲ್ಲಿ ಪಾಲಿದೆ. ಹಲವು ಗುರುಗಳು ಒಟ್ಟಾಗಿ ಹೊಣೆ ಹೊರುವ ಕ್ಯಾನನ್ 517ರ ಮಾದರಿ ಕಾಗದದಲ್ಲಿ ಸುಲಭ. ಒಬ್ಬೊಬ್ಬರಾಗಿ ಬೋಧಿಸಲು, ಒಬ್ಬೊಬ್ಬರಾಗಿ ಆಳಲು ತರಬೇತಾದವರಿಗೆ ಅದು ಕಠಿಣ. ಹಂಚಿಕೊಳ್ಳುವ ಅಭ್ಯಾಸ ಗುರುದೀಕ್ಷೆಯ ಮರುದಿನ ತಾನಾಗಿ ಬರುವುದಿಲ್ಲ.

ಉಪಸಂಹಾರ

ಧರ್ಮಕೇಂದ್ರಕ್ಕೆ ಗ್ರೀಕ್ ಮೂಲದ ಪಾರೊಯ್ಕಿಯ ಎಂಬ ಹೆಸರಿದೆ. ಪಕ್ಕದಲ್ಲಿ ವಾಸಿಸುವುದು, ಪರದೇಶದಲ್ಲಿ ನೆಲೆಸಿರುವುದು ಎಂಬ ಎರಡೂ ಛಾಯೆಗಳು ಅದಕ್ಕುಂಟು. ಪೇತ್ರನ ಮೊದಲ ಪತ್ರ ಕ್ರೈಸ್ತರ ಇಹಜೀವನವನ್ನು ಬಣ್ಣಿಸಲು ಅದನ್ನೇ ಬಳಸುತ್ತದೆ. ನೆರೆತನ ಹೀಗೆ ಧರ್ಮಕೇಂದ್ರದ ಹೆಸರಿನಲ್ಲಿಯೇ ಇದೆ. 2020ರ ನಿರ್ದೇಶನ ಧರ್ಮಕೇಂದ್ರವನ್ನು ಅಳಿಸದಂತೆ ತಡೆಯುವ ಕಾನೂನನ್ನು ನಮಗೆ ಕೊಟ್ಟಿದೆ. ಅದರ 48ನೇ ಪರಿಚ್ಛೇದವನ್ನು ಯಾವ ಧರ್ಮಪ್ರಾಂತ್ಯವೂ ಮರೆಯಬಾರದು. ಆದರೆ ಉಳಿಸಿಕೊಂಡ ಧರ್ಮಕೇಂದ್ರಗಳು ಒಂದಕ್ಕೊಂದು ನೆರೆಯಾಗುವ ಬಗೆಯನ್ನು ಕಾನೂನು ಹೇಳಿಕೊಡಲಾರದು. ಅದನ್ನು ಆಯಾ ವಲಯದ ಗುರುಗಳೂ ಜನರೂ ಒಟ್ಟಿಗೆ ಕುಳಿತು ಕಂಡುಕೊಳ್ಳಬೇಕು. ಗುರುಗಳನ್ನು ಎಣಿಸುವುದೂ ಆ ಮಾತುಕತೆಯಲ್ಲಿ ಬಂದೇ ಬರುತ್ತದೆ. ಅದು ಮೊದಲ ಪ್ರಶ್ನೆಯಾಗದಿದ್ದರೆ ಸಾಕು.