ದ್ರಾಕ್ಷಿ ನಾಡಿನ ಪುಟ್ಟ ಟೆರಿಯರ್

ಈ ವಾರ ಟೆರಿಯರ್ ನಾಯಿಯ ಕೂದಲಿಗೆ ಕತ್ತರಿ ಹಾಕುವ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಬೇಸಿಗೆ ಬಾಗಿಲಿಗೆ ಬಂದಿದೆ. ನಾಸಿಕ್‌ನಲ್ಲಿ ಮಧ್ಯಾಹ್ನದ ಬಿಸಿಲು ಈಗಲೇ ಚುರುಗುಟ್ಟುತ್ತಿದೆ. ಛತ್ರಪತಿ ಸಂಭಾಜಿನಗರದಲ್ಲಿ ಮೇ ಬಂತೆಂದರೆ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಹಾಗಾಗಿ ಕತ್ತರಿಯ ಮಾತು ಮೊದಲು ಮುಗಿಸುತ್ತೇನೆ. ಯಾರ್ಕ್‌ಷೈರ್ ಟೆರಿಯರ್, ಅಂದರೆ ಯಾರ್ಕಿಯ ರೇಷ್ಮೆಗೂದಲು ಒಂದೇ ಪದರದ್ದು, ಧೈರ್ಯವಾಗಿ ಗಿಡ್ಡ ಮಾಡಿಸಿ. ವೆಸ್ಟ್ ಹೈಲ್ಯಾಂಡ್ ಟೆರಿಯರ್, ಅಂದರೆ ವೆಸ್ಟಿಯದು ಎರಡು ಪದರ. ಬೋಳಿಸಬೇಡಿ, ಒಳಪದರದ ಸತ್ತ ಕೂದಲನ್ನು ಬಾಚಿ ತೆಗೆಯಿರಿ. ತಂತಿಗೂದಲಿನ ಫಾಕ್ಸ್ ಟೆರಿಯರ್‌ಗೆ ಯಂತ್ರ ಹಾಕಿದರೆ ಕೂದಲು ಮೆತ್ತಗಾಗಿ ಬಣ್ಣ ಮಾಸುತ್ತದೆ, ಬೆರಳಿನಿಂದಲೇ ಕೀಳಬೇಕು. ಕತ್ತರಿಗೆ ಇಷ್ಟು ಸಾಕು. ಈ ತಿಂಗಳು ನಾಸಿಕ್ ಜಿಲ್ಲೆಯಲ್ಲಿ ಟೆರಿಯರ್ ಸಾಕಿದವರಿಗೆ ಅದಕ್ಕಿಂತ ತುರ್ತಾಗಿ ಹೇಳಬೇಕಾದದ್ದು ದ್ರಾಕ್ಷಿಯ ವಿಷಯ.

ನಿಫಾಡ್, ದಿಂಡೋರಿ, ಪಿಂಪಳಗಾಂವ್ ಕಡೆ ಈಗ ಕೊಯ್ಲಿನ ಭರಾಟೆ. ಎಚ್‌ಎಎಲ್ ಕಾರ್ಖಾನೆಗೆಂದು ಬೆಂಗಳೂರಿನಿಂದ ಓಝರ್‌ಗೆ ವರ್ಗವಾಗಿ ಬಂದ ಕನ್ನಡದ ಮನೆಗಳಲ್ಲೂ ದ್ರಾಕ್ಷಿಯ ಪೆಟ್ಟಿಗೆಗಳು ಪಡಸಾಲೆಯಲ್ಲಿ ಇಳಿಯುವ ಕಾಲ. ಮಕ್ಕಳು ತಿನ್ನುತ್ತಾರೆ, ಒಂದೆರಡು ನೆಲಕ್ಕೆ ಉರುಳುತ್ತವೆ, ಸೋಫಾದ ಕೆಳಗಿನಿಂದ ಟೆರಿಯರ್ ಹೊರಬರುತ್ತದೆ. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು ಎಂಬುದು ಪಶುವೈದ್ಯಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು ಈ ಶತಮಾನದ ಆರಂಭದಲ್ಲಿ. ಕಾರಣ ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಇರಬೇಕೆಂಬ ಅಭಿಪ್ರಾಯ ಗಟ್ಟಿಯಾದದ್ದು 2021ರ ಹೊತ್ತಿಗೆ. ಒಂದು ನಾಯಿ ಹತ್ತು ಹಣ್ಣು ತಿಂದು ಅರಗಿಸಿಕೊಂಡೀತು, ಇನ್ನೊಂದು ನಾಲ್ಕಕ್ಕೇ ಮಲಗೀತು. ಇಷ್ಟು ತಿಂದರೆ ಅಪಾಯವಿಲ್ಲ ಎಂಬ ಅಳತೆ ಇಲ್ಲ. ಮೊದಲ ದಿನ ವಾಂತಿ, ಮಂಕು; ಎರಡು ಮೂರು ದಿನಗಳಲ್ಲಿ ಮೂತ್ರ ಕಡಿಮೆಯಾಗುತ್ತದೆ, ಆಮೇಲೆ ನಿಂತೇಹೋಗಬಹುದು. ಆದ್ದರಿಂದ ವಾಂತಿಗಾಗಿ ಕಾಯಬೇಡಿ. ತಿಂದದ್ದು ಕಂಡರೆ ಆ ಗಳಿಗೆಯಲ್ಲೇ ಪಶುವೈದ್ಯರ ಬಳಿ ಒಯ್ಯಿರಿ. ಮೊದಲ ಎರಡು ಗಂಟೆಯೊಳಗೆ ಅವರು ವಾಂತಿ ಮಾಡಿಸಿದರೆ ಅರ್ಧ ಗೆದ್ದಂತೆ. ಮನೆಯಲ್ಲಿ ಉಪ್ಪುನೀರು ಕುಡಿಸುವ ಹಳೆಯ ಉಪಾಯ ಬೇಡ, ಉಪ್ಪೇ ಇನ್ನೊಂದು ವಿಷವಾಗುತ್ತದೆ.

ನಮ್ಮ ಅಡುಗೆಮನೆಯವರು ಇನ್ನೂ ಒಂದು ತಿಳಿಯಬೇಕು: ಟಾರ್ಟಾರಿಕ್ ಆಮ್ಲ ಹುಣಸೆಯಲ್ಲೂ ಧಾರಾಳವಾಗಿದೆ. ಹುಣಸೆ ತಿಂದ ನಾಯಿಗಳಿಗೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಸಂಗಗಳು ದಾಖಲಾಗಿವೆ. ಉಳಿದ ಸಾರನ್ನ, ಪಾಯಸದ ದ್ರಾಕ್ಷಿ, ಕೇಸರಿಭಾತಿನ ತಳ ಇವನ್ನೆಲ್ಲ ಪ್ರೀತಿಯಿಂದ ನಾಯಿಯ ತಟ್ಟೆಗೆ ಹಾಕುವ ಅಜ್ಜಿಯರಿಗೆ ಇದನ್ನು ಕೂಡಿಸಿಕೊಂಡು ಹೇಳಿ.

ನಾಸಿಕ್ ಜಿಲ್ಲೆಯ ಎರಡನೆಯ ಹೆಮ್ಮೆ ಲಾಸಲಗಾಂವ್‌ನ ಈರುಳ್ಳಿ ಪೇಟೆ. ಅದು ಕೂಡ ನಾಯಿಗೆ ವಿಷವೇ. ಈರುಳ್ಳಿಯ ಗಂಧಕದ ಸಂಯುಕ್ತಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ರಕ್ತವನ್ನು ಕೆಡಿಸಲು ಸಾಕೆಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಮೂವತ್ತು ಕಿಲೋದ ಲ್ಯಾಬ್ರಡಾರ್‌ಗೆ ಅದು ಅರ್ಧ ಕಿಲೋದ ಹತ್ತಿರ. ಮೂರು ಕಿಲೋದ ಯಾರ್ಕಿಗೆ 45 ಗ್ರಾಂ, ಅಂದರೆ ಒಂದು ಸಣ್ಣ ಗಡ್ಡೆ. ನೆರೆಮನೆಯಿಂದ ಬಂದ ಒಂದು ತಟ್ಟೆ ಕಾಂದಾಭಜಿ ಆ ಲೆಕ್ಕವನ್ನು ಮುಟ್ಟಬಲ್ಲದು. ಲಕ್ಷಣಗಳು ಕಾಣಿಸಲು ಕೆಲವು ದಿನ ಹಿಡಿಯುತ್ತದೆ: ವಸಡು ಬಿಳುಚುತ್ತದೆ, ಮೂತ್ರ ಕಪ್ಪಾಗುತ್ತದೆ, ಮೆಟ್ಟಿಲು ಹತ್ತಲು ಏದುಸಿರು. ವಿಜಯಪುರದ ದ್ರಾಕ್ಷಿ ಸೀಮೆಯವರೂ ಗದಗ, ಚಿತ್ರದುರ್ಗದ ಈರುಳ್ಳಿ ಸೀಮೆಯವರೂ ಇದನ್ನು ತಮಗೇ ಹೇಳಿದ್ದೆಂದು ತಿಳಿಯಲಿ.

ಬೇರೆ ನಾಯಿಗಳೂ ತಿನ್ನುವುದಿಲ್ಲವೇ ಎಂದು ಕೇಳಬಹುದು. ತಿನ್ನುತ್ತವೆ. ಆದರೆ ಟೆರಿಯರ್‌ನ ವಿಷಯದಲ್ಲಿ ಎರಡು ಸಂಗತಿ ಒಟ್ಟಿಗೆ ಬರುತ್ತವೆ: ಮೈತೂಕ ಕಡಿಮೆ, ಸ್ವಂತ ತೀರ್ಮಾನ ಹೆಚ್ಚು. ಕುರಿ ಕಾಯುವ ನಾಯಿ ಪ್ರತಿ ಹೆಜ್ಜೆಗೂ ಒಡೆಯನ ಮುಖ ನೋಡುತ್ತದೆ. ಟೆರಿಯರ್‌ನ ಕೆಲಸ ಬಿಲದೊಳಗೆ, ಕತ್ತಲಲ್ಲಿ, ಒಡೆಯನ ಕಣ್ಣೂ ದನಿಯೂ ತಲುಪದ ಕಡೆ. ಎದುರಿಗಿರುವ ನರಿಯನ್ನು ಹಿಡಿದು ನಿಲ್ಲಬೇಕೋ ಹಿಂದೆ ಸರಿಯಬೇಕೋ ಎಂಬುದನ್ನು ಅದೇ ನಿರ್ಧರಿಸಬೇಕು. ತಲೆಮಾರುಗಟ್ಟಲೆ ಹಾಗೆ ಆರಿಸಿ ಬೆಳೆಸಿದ ಪ್ರಾಣಿ ಇದು. ಡೆವನ್‌ನ ಪಾದ್ರಿ ಜಾನ್ ರಸೆಲ್ 1819ರಲ್ಲಿ ಆಕ್ಸ್‌ಫರ್ಡ್ ಬಳಿ ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಕೊಂಡದ್ದು ಇಂಥ ಕೆಲಸಕ್ಕೇ. ಯಾರ್ಕಿಯ ಪೂರ್ವಜರು ಸ್ಕಾಟ್ಲೆಂಡಿನಿಂದ ಗಿರಣಿ ಕೆಲಸ ಹುಡುಕಿ ಯಾರ್ಕ್‌ಷೈರ್‌ಗೆ ಬಂದ ನೇಕಾರರ ಜೊತೆ ಬಂದ ಇಲಿ ಬೇಟೆಗಾರರು. ತಳಿಯ ಮೂಲಪುರುಷ ಎನಿಸಿದ ಹಡರ್ಸ್‌ಫೀಲ್ಡ್ ಬೆನ್ ಹುಟ್ಟಿದ್ದು 1865ರಲ್ಲಿ. ಎರಡನೆಯ ಮಹಾಯುದ್ಧದ ಸ್ಮೋಕಿಯನ್ನು ಈ ಅಂಕಣದಲ್ಲಿ ಎಷ್ಟು ನೆನೆದರೂ ನನಗೆ ಸಾಲದು. 1944ರಲ್ಲಿ ನ್ಯೂಗಿನಿಯ ಕಂದಕವೊಂದರಲ್ಲಿ ಸಿಕ್ಕ, ಎರಡು ಕಿಲೋ ಕೂಡ ತೂಗದ ಯಾರ್ಕಿ ಅದು. ಫಿಲಿಪೀನ್ಸ್‌ನ ಲೂಜಾನ್‌ನಲ್ಲಿ ವಿಮಾನದಾರಿಯ ಕೆಳಗಿನ ಸುಮಾರು 70 ಅಡಿ ಉದ್ದದ, 8 ಇಂಚು ಅಗಲದ, ಅಲ್ಲಲ್ಲಿ ಮಣ್ಣು ತುಂಬಿದ ಕೊಳವೆಯಲ್ಲಿ ತೆವಳಿ ದೂರವಾಣಿ ತಂತಿಯನ್ನು ಆಚೆ ತುದಿಗೆ ಎಳೆದು ತಂದಿತು.

ಇದನ್ನು ಓದಿದ ಮೇಲೂ ಯಾರ್ಕಿಯನ್ನು ಕೈಚೀಲದಲ್ಲಿ ಹೊತ್ತು ತಿರುಗುವವರ ಜೊತೆ ನನ್ನ ಜಗಳ ಹಳೆಯದು, ಮುಗಿಯುವಂಥದ್ದೂ ಅಲ್ಲ. ರಿಬ್ಬನ್ನು, ಗಾಡಿ, ಉಡುಪು, ನೆಲಕ್ಕೆ ಪಾದ ತಾಗದ ಬಾಳು; ಆಮೇಲೆ ನಾಯಿ ಇಡೀ ದಿನ ಬೊಗಳುತ್ತದೆ, ಪರದೆ ಹರಿಯುತ್ತದೆ ಎಂಬ ದೂರು. ಕೆಲಸವಿಲ್ಲದ ಟೆರಿಯರ್ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಆ ಕೆಲಸ ನಿಮಗೆ ಹಿಡಿಸದಿದ್ದರೆ ತಪ್ಪು ನಾಯಿಯದಲ್ಲ. ಇನ್ನು ‘ಟೀಕಪ್’ ಎಂದು ಕರೆದು ಅಂಗೈಗಾತ್ರದ ಮರಿ ಮಾರುವ ವ್ಯಾಪಾರವಂತೂ ಪಾಪದ ಕೆಲಸ. ಹಾಗೆಂದು ಒಂದು ತಳಿಯೇ ಇಲ್ಲ. ಅಷ್ಟು ಕುಗ್ಗಿಸಿದ ಮೈಯಲ್ಲಿ ಹೊತ್ತಿಗೆ ಊಟ ತಪ್ಪಿದರೆ ರಕ್ತದ ಸಕ್ಕರೆ ಕುಸಿಯುತ್ತದೆ, ಮಂಡಿಚಿಪ್ಪು ಜಾರುತ್ತದೆ, ಶ್ವಾಸನಾಳ ಕುಗ್ಗುತ್ತದೆ. 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ‘ಪುಟಾಣಿ’ ಎಂದು ತೋರಿಸುವ ಮರಿ ಎಷ್ಟೋ ಸಲ ವಯಸ್ಸು ತುಂಬದ್ದೇ ಆಗಿರುತ್ತದೆ. 2003ರ ಮೊಬೈಲ್ ಜಾಹೀರಾತಿನ ಪಗ್ ನಮ್ಮ ದೇಶಕ್ಕೆ ಏನು ಮಾಡಿತೆಂದು ನೋಡಿದ್ದೇವೆ: ಉಸಿರಾಟವೇ ಕಷ್ಟವಾದ ಮೊಂಡುಮೂಗಿನ ನಾಯಿಗಳು ದಖನ್ನಿನ ಬಿಸಿಲಿಗೆ ಮನೆಮನೆ ಸೇರಿದವು. ಟೆರಿಯರ್‌ಗೆ ಆ ಗತಿ ಬರಬಾರದು.

ಟೆರಿಯರ್ ಎಂದರೇನೆಂದು ತಿಳಿಯಬೇಕಾದವರಿಗೆ ನಾನು ಕೊಡುವ ಪುಸ್ತಕ ಒಂದೇ: 1889ರಲ್ಲಿ ಬಂದ ಜೆರೋಮ್ ಕೆ. ಜೆರೋಮ್‌ನ ‘ತ್ರೀ ಮೆನ್ ಇನ್ ಎ ಬೋಟ್’. ಅದರ ಮಾಂಟ್‌ಮರೆನ್ಸಿ ಒಂದು ಫಾಕ್ಸ್ ಟೆರಿಯರ್. ನದಿಯ ನಡುವಿನ ದ್ವೀಪವೊಂದರಲ್ಲಿ ಮೂವರು ಗೆಳೆಯರು ಬುಟ್ಟಿಯಲ್ಲಿ ಉಳಿದದ್ದನ್ನೆಲ್ಲ ಹಾಕಿ ಗೊಜ್ಜು ಬೇಯಿಸುತ್ತಿರುವಾಗ ನಾಯಿ ಎದ್ದು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಸತ್ತ ನೀರಿಲಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ತನ್ನ ಪಾಲಿನ ಕಾಣಿಕೆಯಾಗಿ ಮುಂದಿಡುತ್ತದೆ. ಅದೇ ಅಧ್ಯಾಯದಲ್ಲಿ ಕುದಿಯುವ ಚಹಾ ಕೆಟಲ್ ತನಗೆ ಗುರುಗುಟ್ಟುತ್ತಿದೆ ಎಂದು ಭಾವಿಸಿ, ಕೊನೆಗೊಮ್ಮೆ ಅದರ ಮೂತಿಗೇ ಬಾಯಿ ಹಾಕಿ, ಆ ನೋವಿಗೆ ದ್ವೀಪವನ್ನೇ ಮೂರು ಸುತ್ತು ಓಡುತ್ತದೆ. ಓದುಗರು ಇದನ್ನು ನಗೆಯ ಪುಸ್ತಕವೆಂದು ಓದುತ್ತಾರೆ. ನಾನು ಅದನ್ನು ಕರಾರುವಾಕ್ಕಾದ ಸ್ವಭಾವಚಿತ್ರ ಎಂದು ಓದುತ್ತೇನೆ. ಅಡುಗೆ ನಡೆಯುತ್ತಿದ್ದರೆ ತನ್ನ ಪಾಲಿನ ದುಡಿಮೆ ಇರಬೇಕು, ಮನೆಗೆ ಬೆದರಿಕೆ ಕಂಡರೆ ತಾನೇ ಮುಂದೆ ನಿಲ್ಲಬೇಕು. ಟೆರಿಯರ್ ಕುಟುಂಬದ ಕೂಸಾಗಲು ಬಂದದ್ದಲ್ಲ, ಪಾಲುದಾರನಾಗಲು ಬಂದದ್ದು. ಕನ್ನಡದಲ್ಲಿ ತೇಜಸ್ವಿ ‘ಕಿವಿ’ ಎಂಬ ತಮ್ಮ ನಾಯಿಯನ್ನು ಕಂಡದ್ದೂ ಹೀಗೆಯೇ. ‘ಪರಿಸರದ ಕತೆ’ಯಲ್ಲಿ ಆ ನಾಯಿ ಕಾಡು ಸುತ್ತುವ ಜೊತೆಗಾರ.

ನಾಯಿಗೆ ಕೆಲಸವನ್ನೂ ಗೌರವವನ್ನೂ ಒಟ್ಟಿಗೆ ಕೊಡುವುದು ಈ ಸೀಮೆಗೆ ಹೊಸದೇನೂ ಅಲ್ಲ. ಸಂಭಾಜಿನಗರದ ಅಂಚಿನ ಸಾತಾರಾದಲ್ಲಿ ಖಂಡೋಬಾನ ಗುಡಿ ಇದೆ. ಚಂಪಾಷಷ್ಠಿಗೆ ಅಲ್ಲಿ ಜನವೋ ಜನ, ಭಂಡಾರದ ಹಳದಿ. ಕುದುರೆ ಏರಿದ ಖಂಡೋಬಾನ ಜೊತೆ ಓಡುವುದು ನಾಯಿ. ಅದೇ ದೇವರು ನಮ್ಮ ಕಡೆ ಮೈಲಾರಲಿಂಗ, ಮಲ್ಲಯ್ಯ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಗೊರವರು ತಮ್ಮನ್ನು ಆ ದೇವರ ನಾಯಿಗಳೆಂದೇ ಹೇಳಿಕೊಳ್ಳುತ್ತಾರೆ. ದೋಣಿ ಎಂಬ ಪಾತ್ರೆಯಲ್ಲಿಟ್ಟ ಎಡೆಗೆ ಬೊಗಳುತ್ತ ಬಾಯಿ ಹಾಕುತ್ತಾರೆ. ದತ್ತಾತ್ರೇಯನ ಕಾಲಬುಡದಲ್ಲೂ ನಾಲ್ಕು ನಾಯಿಗಳು. 1956ರವರೆಗೆ ಸಂಭಾಜಿನಗರವೂ ಬೀದರ, ಕಲಬುರಗಿ, ರಾಯಚೂರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ದೇವರು, ಅವನ ನಾಯಿ ಎರಡೂ ಕಡೆ ಒಂದೇ. ಈ ಪರಂಪರೆಯಲ್ಲಿ ನಾಯಿ ಆಟಿಕೆಯಲ್ಲ, ಸೇವಕ. ಅದರ ಸೇವೆಯನ್ನು ಮನುಷ್ಯ ತಾನೇ ನಟಿಸಿ ಧನ್ಯನಾಗುತ್ತಾನೆ. ಕೈಚೀಲದವರಿಗೆ ನನ್ನ ಉತ್ತರ ಜೆರೋಮ್‌ನ ಪುಸ್ತಕಕ್ಕಿಂತ ಹೆಚ್ಚಾಗಿ ಮೈಲಾರದ ಆ ದೋಣಿಯಲ್ಲಿದೆ.

ಹಾಗಾದರೆ ಸಿಡ್ಕೋ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಏನು ಕೆಲಸ ಕೊಡುವುದು? ಬಹಳ ಇದೆ. ಬೆಳಗಿನ ಊಟವನ್ನು ತಟ್ಟೆಗೆ ಹಾಕಬೇಡಿ. ಕಾಳುಕಾಳಾಗಿ ಹಳೆಯ ಪಂಚೆಯ ಮಡಿಕೆಗಳಲ್ಲಿ, ಬಾಗಿಲ ಸಂದಿಯಲ್ಲಿ ಬಚ್ಚಿಡಿ, ಮೂಸಿ ಹುಡುಕಲಿ. ಬಾಲ್ಕನಿಯಲ್ಲಿ ಒಂದು ಅಗಲವಾದ ಟಬ್ಬಿನಲ್ಲಿ ಮರಳು ತುಂಬಿ ಆಟಿಕೆ ಹೂತಿಡಿ. ಅಗೆಯುವ ಹಕ್ಕು ಅಲ್ಲಿ ಸಿಕ್ಕರೆ ತುಳಸಿ ಕುಂಡ ಉಳಿಯುತ್ತದೆ. ಬಿಸಿಲೇರುವ ಮೊದಲೇ ನಡೆದಾಡಿಸಿ. ಕೊರಳಪಟ್ಟಿ ಬೇಡ, ಎದೆಪಟ್ಟಿ ಕಟ್ಟಿ. ಮರಳಿದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ಎರ್ಲಿಶಿಯಾ ಜ್ವರ ಬರುವುದು ಅದರಿಂದ. ಸಂಭಾಜಿನಗರದಲ್ಲಿ ನಲ್ಲಿ ನೀರು ದಿನಗಟ್ಟಲೆ ಕಾದ ಮೇಲೆ ಬರುವುದರಿಂದ ಸ್ನಾನ ಕಡಿಮೆ ಮಾಡಿಸಿ, ಬಾಚುವುದನ್ನು ದಿನವೂ ಮಾಡಿ. ಕೂದಲಿಗೆ ಅದೇ ಹೆಚ್ಚು ಒಳ್ಳೆಯದು. ಅಲ್ಲಿನ ಗುಲ್ಮಂಡಿ ಕಡೆಯ ಹಳೆಯ ಮನೆಗಳಲ್ಲಿ ನಾಯಿ ಇಲಿ ಹಿಡಿದರೆ ಬೈಯಬೇಡಿ, ಅದು ಅದರ ಕುಲಕಸುಬು. ಆದರೆ ಲೆಪ್ಟೋ ಲಸಿಕೆ ತಪ್ಪಿಸಬೇಡಿ, ನೆರೆಯವರು ಇಲಿಪಾಷಾಣ ಇಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ.

ಲಿಫ್ಟಿನಲ್ಲಿ ‘ಚಾವತೋ ಕಾ?’ (ಕಚ್ಚುತ್ತದೆಯೇ?) ಎಂದು ಕೇಳುವವರಿಗೆ ತಾಳ್ಮೆಯಿಂದ ಉತ್ತರ ಕೊಡಿ. 2024ರ ಮಾರ್ಚ್‌ನಲ್ಲಿ ಕೇಂದ್ರವು 23 ತಳಿಗಳನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿದಾಗ ಪಟ್ಟಿಯಲ್ಲಿ ಪಿಟ್‌ಬುಲ್ ಟೆರಿಯರ್ ಇತ್ತು. ಅಂದಿನಿಂದ ಟೆರಿಯರ್ ಎಂದರೆ ಬೆದರುವವರಿದ್ದಾರೆ. ಆ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಮಾಡಿತು. ಸಾಕುನಾಯಿಯನ್ನು ಬಹುಮತದ ಠರಾವಿನಿಂದ ಹೊರಹಾಕುವ ಅಧಿಕಾರ ವಸತಿ ಸಂಘಗಳಿಗೆ ಇಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ಕಾನೂನು ನಿಮ್ಮ ಪರವಾಗಿದೆ ಎಂದು ಗದರಬೇಡಿ. ಬೆಳಗ್ಗೆ ಅರ್ಧ ಗಂಟೆ ಮೂಗಿಗೆ ದುಡಿಮೆ ಸಿಕ್ಕ ನಾಯಿ ಲಿಫ್ಟಿನಲ್ಲಿ ಸುಮ್ಮನೆ ಕೂರುತ್ತದೆ. ನೆರೆಯವರ ಮನಸ್ಸು ತಿರುಗಿಸಲು ಅದಕ್ಕಿಂತ ಬಲವಾದ ವಾದ ನನಗೆ ಗೊತ್ತಿಲ್ಲ. ದ್ರಾಕ್ಷಿ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿ, ಮರಳಿನ ಟಬ್ಬನ್ನು ನೆಲಕ್ಕಿಳಿಸಿ. ಈ ವಾರ ಇಷ್ಟನ್ನು ಮಾಡಿ.