ಮುದುಕಿಯ ನಗಿ, ಸಂಗ್ಯಾನ ಸಾವು

ಕತಿ ಬರೆಯುವ ಹುಡುಗರು ನಮ್ಮ ವಾಚನಾಲಯದಾಗ ಒಂದು ಮಾತು ಕೇಳ್ತಿರತಾರ. ನಡೆದದ್ದನ್ನು ನಡೆದಂಗ ಬರೀಬೇಕೋ, ಮಂದಿಗೆ ರಂಜನೆ ಆಗುವಂಗ ಬರೀಬೇಕೋ? ನನಗ ಗೊತ್ತಿರೋದು ಸಣ್ಣಾಟ. ಅದಕ್ಕ ‘ಸಂಗ್ಯಾ ಬಾಳ್ಯಾ’ ಹಿಡಿದೇ ಹೇಳ್ತೀನಿ.

ಬೈಲಹೊಂಗಲ ಕಡೆ ಖರೇನ ನಡೆದ ಕೊಲೆಯೊಂದು ಈ ಆಟದ ಮೂಲ ಅಂತ ಹಿರಿಯರು ಹೇಳಿಕೋತ ಬಂದಾರ. ಸಂಗ್ಯಾ ಸಾಹುಕಾರ. ಈರ್ಯಾನ ಹೆಂಡತಿ ಗಂಗಿಯ ಮ್ಯಾಲ ಅವನ ಮನಸ್ಸು. ಗೆಳೆಯ ಬಾಳ್ಯಾನ ಜೋಡಿ ಕೂಡಿ, ಒಬ್ಬ ಮುದುಕಿಯನ್ನು ನಡುವೆ ಹಾಕಿ ಆಕಿಯನ್ನು ಒಲಿಸಿಕೊಳ್ಳುತ್ತಾನೆ. ಕಡೀಕ ಅದೇ ಬಾಳ್ಯಾ ಗೆಳೆಯನನ್ನು ಹಿಡಿದುಕೊಡುತ್ತಾನೆ. ಈರ್ಯಾ, ಅವನ ಒಡಹುಟ್ಟಿದವರು ಸೇರಿ ಸಂಗ್ಯಾನನ್ನು ಕೊಲ್ಲುತ್ತಾರೆ.

ಕತಿ ಇಷ್ಟ. ಪೇಪರಿನಾಗ ಬರೆದರ ಅರ್ಧ ಹಾಳಿ ಸಾಕು. ಆದರ ಆಟ ಬೆಳತನಕ ಮಂದಿಯನ್ನು ಕೂಡಿಸ್ತದ. ಅದಕ್ಕ ಆ ಮುದುಕಿಯೂ ಒಂದು ಕಾರಣ. ರೊಕ್ಕ ಕಂಡ ಕೂಡಲೇ ಆಕಿ ಮಾತು ತಿರುಗೋದು ನೋಡಿ ಹುಡುಗರಿಂದ ಹಿಡಿದು ಮುದುಕರ ತನಕ ನಗ್ತಾರ.

ಒಂದು ವರ್ಷ ನಮ್ಮ ಜತ್ತ ಸೀಮೆಯ ಜಾತ್ರಿಯೊಳಗ ನಮ್ಮ ಮೇಳದವರು ಮುದುಕಿಯ ಪಾತ್ರಕ್ಕ ಸಿನೆಮಾ ಧಾಟಿ ಸೇರಿಸಿ ಬೆಳೆಸಿದ್ವಿ. ಶಿಳ್ಳೆ ಬಿದ್ದವು, ರೊಕ್ಕಾನೂ ಬಿತ್ತು. ಕೊಲೆಗೆ ಬರೋದ್ರಾಗ ಮೂಡಲ ಕೆಂಪಾಗಿತ್ತು. ಹತ್ತು ಮಿನಿಟಿನಾಗ ಮುಗಿಸಿಬಿಟ್ವಿ. ಮುಂದ ಕುಂತಿದ್ದ ಒಬ್ಬ ಹಿರಿಯಾಕಿ, “ನಗಿಸಿದ್ರಿ ಖರೆ ತಮ್ಮಾ, ಸಂಗ್ಯಾ ಯಾಕ ಸತ್ತ ಅನ್ನೋದ ತಿಳೀಲಿಲ್ಲ” ಅಂದಳು. ಆಕಿ ಮಾತಿಗೆ ಹೆದರಿ ಮರುವರ್ಷ ನಗಿ ಎಲ್ಲಾ ತೆಗೆದ್ವಿ. ಅರ್ಧರಾತ್ರಿಗೆ ಮಂದಿ ಕೌದಿ ಸುತ್ತಿಕೊಂಡು ಎದ್ದು ಹೋದರು. ಕುಂತವರಿಗೂ ಕೊಲೆ ತಟ್ಟಲಿಲ್ಲ.

ಯಾಕ ತಟ್ಟಲಿಲ್ಲ ಅಂತ ಭಾಳ ದಿನ ವಿಚಾರ ಮಾಡಿದೆ. ಮುದುಕಿ ಗಂಗಿಯ ಮನಸ್ಸು ತಿರುಗಿಸುವಾಗ ನಾವು ನಗ್ತೀವಿ. ನಕ್ಕಾಗ ನಾವೂ ಸಂಗ್ಯಾನ ಕಡೆಯವರೇ ಆಗಿರ್ತೀವಿ. ಅವನ ಕೆಲಸ ಆಗಲಿ ಅಂತ ಒಳಗೊಳಗ ಅನಸ್ತಿರತದ. ಮುಂದ ಕೊಲೆ ಆದಾಗ ಅದಕ್ಕೇ ಎದಿ ಝಲ್ ಅಂತದ, ನಮ್ಮದೂ ಅದರಾಗ ಪಾಲು ಇತ್ತಲ್ಲಾ ಅಂತ. ನಗಿ ತೆಗೆದರ ಆ ಪಾಲೇ ಹೋಗತದ. ನಗಿ ಅತಿಯಾದರ ಪಾಲಿನ ನೆನಪೇ ಉಳಿಯೂದಿಲ್ಲ.

ಅದಕ್ಕ ಹುಡುಗರೇ, ನಗಿಮಾತು ಧಾರಾಳ ಬರೀರಿ. ಬರೆದ ಮ್ಯಾಲ ಅದನ್ನು ಕೈಲೆ ಮುಚ್ಚಿ ಮುಂದಿನದು ಓದಿ ನೋಡ್ರಿ. ಕತಿ ಕುಂಟಿದರ ಆ ಮಾತು ಇರಲಿ. ಕುಂಟದಿದ್ದರ, ಎಷ್ಟ ಚಂದ ಇದ್ರೂ ತೆಗೀರಿ. ಈ ಸಲದ ಜಾತ್ರಿಗೆ ನಾವೂ ಸಿನೆಮಾ ಧಾಟಿ ಬಿಟ್ಟು, ಮುದುಕಿಯನ್ನು ಉಳಿಸಿಕೊಂಡೀವಿ. ಬಂದು ನೋಡಿ, ತಪ್ಪಿದ್ದರ ಹೇಳ್ರಿ.