ಕಾಗದದ ಗೊಂಬೆಯ ಚಲಚ್ಚಿತ್ರ

ಹೋದ ಮಳೆಗಾಲದಲ್ಲಿ, ಶಾಲೆಗೆ ರಜೆ ಬಿದ್ದ ಕೆಲವು ದಿನಗಳಲ್ಲಿ, ಅವರ್ಸಾದ ನಮ್ಮ ಮನೆಯ ಜಗಲಿಯ ಮೇಲೆ ನೆರೆಹೊರೆಯ ಮಕ್ಕಳು ಕೂಡಿ ಒಂದು ಚಲಚ್ಚಿತ್ರವನ್ನು ತಯಾರಿಸಿದರು. ಅದರಲ್ಲಿ ನಟರಿಲ್ಲ, ಇದ್ದವರೆಲ್ಲ ಕಾಗದದ ಗೊಂಬೆಗಳು. ಕಡಲಿಗೆ ನೀಲಿಯ ತೆಳುಗಾಗದ, ಮರಳಿಗೆ ಹಳೆಯ ಲಕೋಟೆಗಳ ಕಂದುಗಾಗದ, ತೆಂಗಿನ ಸಾಲಿಗೆ ಕಳೆದ ವರ್ಷದ ಕ್ಯಾಲೆಂಡರಿನ ರಟ್ಟು. ಕಥೆಯೆಂದರೆ, ರಂಪಣಿ ಬಲೆಯನ್ನು ದಡಕ್ಕೆ ಎಳೆಯುವುದು, ಅಷ್ಟೇ. ನಾಲ್ಕು ದಿನ ದುಡಿದ ಮೇಲೆ ಕೈಗೆ ಬಂದದ್ದು ಅರ್ಧ ನಿಮಿಷದ ಚಿತ್ರ. ಅದನ್ನು ನೋಡಿದ ಹಿರಿಯ ಸ್ನೇಹಿತರೊಬ್ಬರು, "ಇದು ಮಕ್ಕಳ ಆಟವಾಯಿತು, ಇದರಲ್ಲಿ ಕಲೆ ಎಲ್ಲಿಂದ ಬಂತು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಅರಸುತ್ತ, ಈ ಬಗೆಯ ಚಿತ್ರಗಳಲ್ಲಿ ಹಿರಿಯದೆನಿಸಿದ ಕೃತಿಯೊಂದನ್ನು ಮತ್ತೊಮ್ಮೆ ಮನಸ್ಸಿಟ್ಟು ನೋಡಿದೆವು. ಆಗ ತೋರಿದ ವಿಚಾರಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಈ ವಿದ್ಯೆಯ ಕ್ರಮವನ್ನು ಅರಿಯಬೇಕು. ಗೊಂಬೆಯನ್ನು ಒಂದು ಭಂಗಿಯಲ್ಲಿಟ್ಟು ಒಂದು ಚಿತ್ರ ತೆಗೆಯುವುದು. ಕೈಯನ್ನೋ ಕಾಲನ್ನೋ ಕೂದಲೆಳೆಯಷ್ಟು ಸರಿಸಿ ಮತ್ತೊಂದು ಚಿತ್ರ ತೆಗೆಯುವುದು. ಇವನ್ನು ಒಂದರ ಹಿಂದೊಂದು ವೇಗವಾಗಿ ತೋರಿಸಿದಾಗ ಕಣ್ಣಿಗೆ ಚಲನೆಯ ಭ್ರಮೆಯುಂಟಾಗುತ್ತದೆ. ಚಲಚ್ಚಿತ್ರದ ರೂಢಿಯ ವೇಗ ಸೆಕೆಂಡಿಗೆ 24 ಚಿತ್ರಗಳು. ಒಂದೊಂದು ಭಂಗಿಯನ್ನು ಎರಡೆರಡು ಸಲ ಹಿಡಿದರೂ ಸೆಕೆಂಡಿಗೆ 12 ಭಂಗಿಗಳು ಬೇಕು. ಮಕ್ಕಳ ಅರ್ಧ ನಿಮಿಷಕ್ಕೆ 360. ನಡುವೆ ಬೆಳಕು ಬದಲಾಗಬಾರದು. ಮೋಡವೊಂದು ಸರಿದರೆ ಚಿತ್ರ ಮಿನುಗುತ್ತದೆ; ಕಡಲ ಗಾಳಿ ಬೀಸಿದರೆ ಊರಿಗೆ ಊರೇ ಹಾರಿಹೋಗುತ್ತದೆ; ನಮ್ಮ ಕರಾವಳಿಯ ತೇವಕ್ಕೆ ಕಾಗದವು ಸುರುಳಿಗೊಳ್ಳುತ್ತದೆ. ಆದುದರಿಂದ ಬಾಗಿಲು ಮುಚ್ಚಿ, ದೀಪ ಹಚ್ಚಿ, ಗೊಂಬೆಗಳ ಮೇಲೆ ಗಾಜು ಹೊದಿಸಿ ಕೆಲಸ ಮಾಡಬೇಕಾಯಿತು. ಇಷ್ಟು ತಾಳ್ಮೆಯುಳ್ಳದ್ದು ಶ್ರಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶ್ರಮವೆಲ್ಲವೂ ಕಲೆಯಲ್ಲ.

ನಮ್ಮ ದೇಶಕ್ಕೆ ಈ ಕೈಚಳಕ ಹೊಸತಲ್ಲ. ದಾದಾಸಾಹೇಬ ಫಾಳ್ಕೆಯವರು 1913ರ 'ರಾಜಾ ಹರಿಶ್ಚಂದ್ರ'ಕ್ಕೆ ಮೊದಲೇ ಬಟಾಣಿಯ ಬೀಜವು ಮೊಳೆತು ಗಿಡವಾಗುವುದನ್ನು ಬಿಡಿಬಿಡಿ ಚಿತ್ರಗಳಲ್ಲಿ ಹಿಡಿದಿದ್ದರು. ಮುಂದೆ ಬೆಂಕಿಕಡ್ಡಿಗಳನ್ನೂ ಕುಣಿಸಿದರು. ಆದರೆ ಕಾಗದವನ್ನು ಕತ್ತರಿಸಿ ಮಹಾಕಥೆಯೊಂದನ್ನು ಹೇಳಿ, ಅದು ಇಂದಿಗೂ ನೋಡಲು ಉಳಿಯುವಂತೆ ಮಾಡಿದ ಕೀರ್ತಿ ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆಗೆ ಸಲ್ಲುತ್ತದೆ. ಅರ್ಜೆಂಟೀನಾದಲ್ಲಿ ಕ್ವಿರಿನೋ ಕ್ರಿಸ್ತಿಯಾನಿಯವರು 1917ರಲ್ಲೇ ರಟ್ಟಿನ ಆಕೃತಿಗಳಿಂದ ದೀರ್ಘಚಿತ್ರವನ್ನು ರಚಿಸಿದ್ದರಾದರೂ ಅದು ನಷ್ಟವಾಗಿದೆ.

ರೈನಿಗರ್ (1899–1981) ಅವರ 'ರಾಜಕುಮಾರ ಅಹಮದನ ಸಾಹಸಗಳು' 1926ರಲ್ಲಿ ಬರ್ಲಿನ್ನಿನಲ್ಲಿ ಮೊದಲು ಪ್ರದರ್ಶನಗೊಂಡಿತು. ಅರೇಬಿಯನ್ ರಾತ್ರಿಗಳ ಕಥೆಗಳನ್ನು ಹೆಣೆದು ಮಾಡಿದ ಈ ಚಿತ್ರಕ್ಕೆ ಪತಿ ಕಾರ್ಲ್ ಕೋಖ್ ಮೊದಲಾದ ಬೆರಳೆಣಿಕೆಯ ಸಂಗಡಿಗರೊಡನೆ ಅವರು ವ್ಯಯಿಸಿದ ಕಾಲ ಮೂರು ವರ್ಷ. ಕಪ್ಪು ರಟ್ಟು, ತೆಳುವಾದ ಸೀಸದ ತಗಡು, ಕೀಲಿಗೆ ಸಣ್ಣ ತಂತಿ, ಕೆಳಗಿನಿಂದ ಬೆಳಕು ಹಾಯುವ ಗಾಜಿನ ಮೇಜು, ಮೇಲಿನಿಂದ ನೋಡುವ ಕ್ಯಾಮೆರಾ: ಉಪಕರಣಗಳು ಇವೇ. ಹಿನ್ನೆಲೆಗೆ ಪಾರದರ್ಶಕ ಕಾಗದದ ಪದರಗಳು. ಪದರ ಹೆಚ್ಚಿದಲ್ಲಿ ಕತ್ತಲು ಹತ್ತಿರವಾಗುತ್ತದೆ, ಕಡಿಮೆಯಾದಲ್ಲಿ ಬೆಟ್ಟ ದೂರ ಸರಿಯುತ್ತದೆ. ಮೂಲಪ್ರತಿಯು 1945ರ ಯುದ್ಧದಲ್ಲಿ ನಾಶವಾಯಿತು. ಇಂಗ್ಲೆಂಡಿನಲ್ಲಿ ಉಳಿದಿದ್ದ ಪ್ರತಿಯಿಂದ ಚಿತ್ರವನ್ನು ಪುನರುದ್ಧರಿಸಿದ್ದರಿಂದಲೇ ನಾವು ಅದನ್ನು ನೋಡುವಂತಾಯಿತು.

ಈ ಚಿತ್ರದ ಗುಣವೇನು? ನೆರಳಿನ ಗೊಂಬೆಗೆ ಕಣ್ಣಿನ ನೋಟವಿಲ್ಲ, ತುಟಿಯ ನಗೆಯಿಲ್ಲ. ನಟನು ಮುಖದಿಂದ ಸಾಧಿಸುವುದನ್ನೆಲ್ಲ ಇಲ್ಲಿ ಕೊರಳು, ಮಣಿಕಟ್ಟು, ಬೆನ್ನಿನ ಬಾಗು ಸಾಧಿಸಬೇಕು. ವಾಕ್‌ವಾಕ್ ದ್ವೀಪದ ಸರೋವರದಲ್ಲಿ ಪರೀಬಾನು ಗರಿಯ ಉಡುಗೆಯನ್ನು ಕಳಚಿಟ್ಟು ಮೀಯುವ ದೃಶ್ಯವನ್ನು ನೋಡಿರಿ. ಅಹಮದನು ಆ ಉಡುಗೆಯನ್ನು ಅಪಹರಿಸುತ್ತಾನೆ. ಆಮೇಲೆ ಆಕೆಯ ಭಯ, ಲಜ್ಜೆಗಳೆರಡೂ ಬರಿಯ ಹೊರಗೆರೆಯಿಂದ ನಮಗೆ ತಿಳಿಯುತ್ತವೆ. ಮುಖವು ಕತ್ತಲೆಯಾಗಿರುವುದರಿಂದಲೇ ಅಲ್ಲಿ ನಾವು ನಮ್ಮ ಮನಸ್ಸಿನ ಭಾವವನ್ನು ಬರೆದುಕೊಳ್ಳುತ್ತೇವೆ. ಹೇಳದೆ ಬಿಟ್ಟುದೇ ಹೇಳಿದುದಕ್ಕಿಂತ ಮಿಗಿಲಾಗುವುದನ್ನು ನಮ್ಮ ಆಲಂಕಾರಿಕರು ಧ್ವನಿಯೆಂದರು. ಅದು ಕಾವ್ಯಕ್ಕಷ್ಟೇ ಮೀಸಲಲ್ಲವೆಂಬುದು ಇಲ್ಲಿ ಪ್ರತ್ಯಕ್ಷವಾಗುತ್ತದೆ.

ದೋಷಗಳೂ ಇಲ್ಲದಿಲ್ಲ. ಕಥೆಯು ಒಂದು ವಿಸ್ಮಯದಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುವುದರಿಂದ ಅಹಮದನ ಸ್ವಭಾವವು ಬೆಳೆಯುವುದೇ ಇಲ್ಲ. ಇದಕ್ಕಿಂತ ದೊಡ್ಡ ದೋಷ ಔಚಿತ್ಯದ್ದು. ಆಫ್ರಿಕದ ಮಾಂತ್ರಿಕನನ್ನೂ ಚೀನದ ಆಸ್ಥಾನವನ್ನೂ ಚಿತ್ರಿಸುವಾಗ ಕತ್ತರಿಯು ಯೂರೋಪಿನ ಅಂದಿನ ಪೂರ್ವಗ್ರಹವನ್ನೇ ಅನುಸರಿಸಿದೆ. ನೆರಳಿನ ಆಕೃತಿಯು ಸ್ವಭಾವತಃ ವ್ಯಕ್ತಿಯನ್ನು ಬಿಟ್ಟು ಮಾದರಿಯನ್ನು ಹಿಡಿಯುತ್ತದೆ. ಆ ಮಾದರಿ ಒಂದು ಜನಾಂಗದ್ದಾದಾಗ ಅದು ಅವಹೇಳನವಾಗುತ್ತದೆ. ನಮ್ಮ ತೊಗಲುಗೊಂಬೆಯ ಕಿಳ್ಳೇಕ್ಯಾತನೂ ವಿಕಾರರೂಪಿಯೇ ಅಲ್ಲವೆ ಎಂದು ಕೇಳಬಹುದು. ಹೌದು. ಆದರೆ ಆಟವಾಡಿಸುವ ಜನರೇ ಅವನ ಹೆಸರನ್ನು ತಮ್ಮ ಕುಲನಾಮವಾಗಿ ಹೊತ್ತಿದ್ದಾರೆ. ತನ್ನನ್ನು ತಾನೇ ನಗುವುದು ಬೇರೆ, ಕಂಡರಿಯದವರನ್ನು ನಗುವುದು ಬೇರೆ.

ತೊಗಲುಗೊಂಬೆಯ ಮಾತು ಬಂದುದರಿಂದ ಎರಡನ್ನೂ ಒತ್ತಟ್ಟಿಗಿಟ್ಟು ನೋಡುವುದು ಯುಕ್ತ. ರೈನಿಗರರ ಗೊಂಬೆ ಬೆಳಕನ್ನು ತಡೆಯುತ್ತದೆ. ನಮ್ಮ ಗೊಂಬೆ ಬೆಳಕನ್ನು ತನ್ನೊಳಗೆ ಹಾಯಿಸಿಕೊಂಡು ಕೆಂಪು, ಹಸುರುಗಳಾಗಿ ಪರದೆಯ ಮೇಲೆ ಚೆಲ್ಲುತ್ತದೆ. ಅಲ್ಲಿ ಗಾತ್ರವು ದೂರವನ್ನು ಸೂಚಿಸಿದರೆ ನಮ್ಮಲ್ಲಿ ಅದು ಪದವಿಯನ್ನು ಸೂಚಿಸುತ್ತದೆ: ರಾಜನೂ ದೇವತೆಯೂ ದೊಡ್ಡವರು, ಸೇವಕನು ಚಿಕ್ಕವನು. ಎಲ್ಲಕ್ಕಿಂತ ಮುಖ್ಯವಾದ ಭೇದ ಬೇರೊಂದಿದೆ. ತೊಗಲುಗೊಂಬೆಯ ಹಿಂದೆ ಆ ಕ್ಷಣದಲ್ಲಿ ಉಸಿರಾಡುವ ಮನುಷ್ಯನಿದ್ದಾನೆ; ಸಭೆ ನಕ್ಕರೆ ಅವನು ಹಾಸ್ಯವನ್ನು ಬೆಳೆಸುತ್ತಾನೆ, ತೂಕಡಿಸಿದರೆ ರಾವಣನನ್ನು ಕರೆತರುತ್ತಾನೆ. ಕುಂದಾಪುರದ ಸೀಮೆಯ ಉಪ್ಪಿನಕುದ್ರಿನ ಸೂತ್ರದ ಗೊಂಬೆಗೂ ಈ ಮಾತು ಸಲ್ಲುತ್ತದೆ. ಕಾಗದದ ಚಲಚ್ಚಿತ್ರದಲ್ಲಿ ಗೊಂಬೆ ಆಡುವಾಗ ಕೈ ಅಲ್ಲಿಲ್ಲ. ಕೈ ಇದ್ದಾಗ ಗೊಂಬೆ ಆಡುವುದಿಲ್ಲ. ಚಿತ್ರ ತೆಗೆಯುವ ಕ್ಷಣದಲ್ಲಿ ಕೈ ಹಿಂದೆ ಸರಿಯಲೇಬೇಕು.

ಹಾಗಿದ್ದರೆ ಅದಕ್ಕೆ ಜೀವ ಬರುವುದು ಎಲ್ಲಿಂದ? ಇದಕ್ಕೆ ಉತ್ತರ ನಮಗೆ ದೊರೆತದ್ದು ಬರ್ಲಿನ್ನಿನ ಚಿತ್ರದಿಂದಲ್ಲ, ನಮ್ಮ ಜಗಲಿಯಿಂದ. ಮಕ್ಕಳು ಮೊದಲು ಮಾಡಿದ ಚಿತ್ರದಲ್ಲಿ ಹಗ್ಗ ಹಿಡಿದವರ ತೋಳುಗಳು ಮಾತ್ರ ಹಿಂದಕ್ಕೂ ಮುಂದಕ್ಕೂ ಆಡುತ್ತಿದ್ದವು. ಬಲೆ ಬಂತು, ಆದರೆ ಭಾರ ಬರಲಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ನಮ್ಮ ಕರಾವಳಿಗೆ ಕಾಲಿಟ್ಟ ತರುವಾಯ ಊರಿಗೆ ಊರೇ ಕೂಡಿ ಎಳೆಯುವ ದೊಡ್ಡ ರಂಪಣಿಯು ಕ್ಷೀಣಿಸುತ್ತ ಬಂತು. ಈ ಮಕ್ಕಳು ಅದನ್ನು ಕಂಡವರಲ್ಲ. ನೆರೆಮನೆಯ ವೃದ್ಧರೊಬ್ಬರು, ಪ್ರಾಯದಲ್ಲಿ ರಂಪಣಿ ಎಳೆದವರು, ಚಿತ್ರವನ್ನು ನೋಡಿ ನಕ್ಕರು. "ಹಗ್ಗ ಎಳೆಯೂದು ಕೈಯಲ್ಲ ಮಗಾ, ಹಿಮ್ಮಡಿ" ಎಂದು ಹೇಳಿ, ಎದ್ದು ನಿಂತು, ಹಿಮ್ಮಡಿಯನ್ನು ನೆಲಕ್ಕೆ ಊರಿ, ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ತೋರಿಸಿದರು. ಎಳೆತದ ಕೊನೆಗೆ ಒಂದು ಕ್ಷಣ ಸ್ತಬ್ಧರಾದರು. ಕಡಲೂ ಅತ್ತಲಿಂದ ಎಳೆಯುವ ಕ್ಷಣವದು. ಮಕ್ಕಳು ಗೊಂಬೆಗಳ ಸೊಂಟಕ್ಕೂ ಕಾಲಿಗೂ ಹೊಸ ಕೀಲು ಹೊಲಿದು, ಆ ಸ್ತಬ್ಧತೆಗೆ ಎಂಟು ಚಿತ್ರಗಳನ್ನು ಮೀಸಲಿಟ್ಟು, ಮೊದಲಿನಿಂದ ಚಿತ್ರಿಸಿದರು. ಈಗ ಬಲೆಗೆ ಭಾರ ಬಂತು. ವೃದ್ಧರು ಅದನ್ನು ಎರಡು ಸಲ ನೋಡಿದರು, ಮಾತನಾಡಲಿಲ್ಲ.

ಇದರಿಂದ ನಾವು ಕಂಡುಕೊಂಡ ತತ್ತ್ವ ಇಷ್ಟು. ಕಾಗದಕ್ಕೆ ಜೀವ ಬರುವುದು ಚಲನೆಯ ಹೆಚ್ಚಳದಿಂದಲ್ಲ. ಮೈಯೊಂದು ದುಡಿದು ನೆನಪಿಟ್ಟುಕೊಂಡ ಭಾರವು ಆ ಚಲನೆಯೊಳಗೆ ಸೇರಿದಾಗ. ಆದುದರಿಂದ ನಮ್ಮ ಸುಗ್ಗಿಯ ಕುಣಿತವನ್ನೋ, ಹಗರಣವನ್ನೋ, ತೊಗಲುಗೊಂಬೆಯ ರಾಮಾಯಣವನ್ನೋ ಚಿತ್ರಿಸಲು ಹೊರಡುವ ತರುಣರು ಅವುಗಳ ಬಣ್ಣ, ತುರಾಯಿಗಳನ್ನಷ್ಟೇ ಎತ್ತಿಕೊಂಡರೆ ದೊರೆಯುವುದು ಅಲಂಕಾರ ಮಾತ್ರ. ಆಡುವವರ ಬಳಿಗೆ ಹೋಗಿ, ಭಾರ ಎಲ್ಲಿ ಬೀಳುತ್ತದೆಂದು ಕೇಳಬೇಕು. ಕೊಪ್ಪಳ ಜಿಲ್ಲೆಯ ವೃದ್ಧ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಗೌರವವು ಸಂತೋಷದ ವಿಷಯವೇ. ಆದರೆ ಆ ಕೈಗಳ ಪಕ್ಕದಲ್ಲಿ ಕುಳಿತು ಕಲಿಯುವ ಕೈಗಳು ಬೇಡವೆ? ಗೊಂಬೆಯನ್ನು ಪೆಟ್ಟಿಗೆಯಲ್ಲಿ ಕಾಪಾಡಬಹುದು. ಅದನ್ನು ಆಡಿಸುವ ಮಣಿಕಟ್ಟನ್ನು ಕಾಪಾಡಲಾಗದು.

ಹಿರಿಯ ಸ್ನೇಹಿತರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮಕ್ಕಳ ಮೊದಲನೆಯ ಚಿತ್ರ ಆಟವಾಗಿತ್ತು. ಎರಡನೆಯದರಲ್ಲಿ, ಎಂಟು ಚಿತ್ರಗಳಷ್ಟು ಕಾಲ, ಕಲೆಯಿತ್ತು.